ರಾಣೆಬೆನ್ನೂರಿನಲ್ಲಿ ಸ್ಪೇನಿನ ಸಾಹಿತ್ಯ ಹೇಳಿದ್ದು

ಹೈದರಾಬಾದಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ನಾನು ಸಂಜೆಯ ತರಗತಿಗೆ ಸೇರಿ ಸ್ಪ್ಯಾನಿಷ್ ಕಲಿತೆ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಫ್ರೆಂಚ್ ತರಗತಿ ಭರ್ತಿಯಾಗಿತ್ತು. ಸ್ಪ್ಯಾನಿಷ್ ಕೋಣೆಯಲ್ಲಿ ಜಾಗ ಖಾಲಿ ಇತ್ತು, ಕಲಿಸುವ ಮೇಷ್ಟರು ಮುದುಕರು, ಹಾಡಿ ಹಾಡಿ ಕಲಿಸುತ್ತಿದ್ದರು. ರಜೆಗೆ ಬ್ಯಾಡಗಿಗೆ ಬಂದಾಗ ಅಬ್ಬಾನಿಗೆ ಹೇಳಿದೆ. ಅವರದು ಪೇಟೆಯ ಓಣಿಯೊಂದರಲ್ಲಿ ಟೇಲರ್ ಅಂಗಡಿ. ಹೊಲಿಗೆ ಯಂತ್ರದ ಮೇಲಿನ ಕಣ್ಣು ತೆಗೆಯದೆ ಕೇಳಿದರು:

"ಆ ಭಾಷಾ ಮಾತಾಡೋ ಮಂದಿ ನಮ್ಮ ಕಡೆ ಯಾರರ ಅದಾರೇನು?"

"ಒಬ್ಬರೂ ಇಲ್ಲ ಅಬ್ಬಾ."

"ಮತ್ತ ಯಾರ ಜೋಡಿ ಮಾತಾಡ್ತಿ?"

"ಪುಸ್ತಕದ ಜೋಡಿ."

ಅಬ್ಬಾ ನಕ್ಕರು. ಬೇಡ ಎನ್ನಲಿಲ್ಲ. ನಮ್ಮ ಮನೆಯಲ್ಲಿ ಉರ್ದು, ಬಾಗಿಲು ದಾಟಿದರೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ರೇಡಿಯೊದಲ್ಲಿ ಹಿಂದಿ. ಇದರ ಮೇಲೆ ಇನ್ನೊಂದು ಭಾಷೆ ಅವರಿಗೆ ಹೆಚ್ಚೆನಿಸಲಿಲ್ಲವೇನೊ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಬೆಳಿಗ್ಗೆ ಬ್ಯಾಡಗಿಯಿಂದ ಪ್ಯಾಸೆಂಜರ್ ರೈಲು, ಸಂಜೆ ಸಿಕ್ಕ ಬಸ್ಸು. ಕಿಟಕಿ ಪಕ್ಕ ಕುಳಿತು ಸ್ಪ್ಯಾನಿಷ್ ಕವನ ಓದುತ್ತಿದ್ದರೆ ಎದುರು ಕೂತವರು ಇದು ಯಾವ ಪರೀಕ್ಷೆ ಎಂದು ಕೇಳುತ್ತಿದ್ದರು. ಯಾವ ಪರೀಕ್ಷೆಯೂ ಇರಲಿಲ್ಲ. ಆದರೆ ಓದಿದ್ದನ್ನು ಯಾರಿಗಾದರೂ ಹೇಳದೆ ಇರಲಾರದಷ್ಟು ತುಂಬಿಕೊಂಡಿದ್ದೆ.

ಒಂದು ದಿನ ಧೈರ್ಯ ಮಾಡಿ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಸ್ಪೇನಿನ ಸಾಹಿತ್ಯ ಬೆಳೆದು ಬಂದ ಬಗೆಯನ್ನು, ಮೊದಲಿನಿಂದ ನಮ್ಮ ಶತಮಾನದ ಹೊಸ ಕಾವ್ಯದವರೆಗೆ, ಕನ್ನಡದಲ್ಲಿ ಹೇಳುತ್ತೇನೆ, ಬರುವವರು ಬರಲಿ ಎಂದೆ. ಅವರು ಲೆಕ್ಕಶಾಸ್ತ್ರದವರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಸಿಲೆಬಸ್‌ನಾಗ ಐತೇನ್ರಿ ಇದು?"

"ಇಲ್ಲ ಸರ್."

"ಮತ್ತ ಯಾರು ಬರ್ತಾರ್ರಿ ಕೇಳಾಕ? ನಮ್ಮ ಹುಡುಗೂರು ಸಿಲೆಬಸ್‌ನಾಗ ಇದ್ದದ್ದಕ್ಕ ಬರೂದಿಲ್ಲ."

ಕೊನೆಗೆ ಒಪ್ಪಿದರು. ಸಭಾಂಗಣ ಕೊಡಲಿಲ್ಲ, ಪ್ರಾಣಿಶಾಸ್ತ್ರದ ಪ್ರಯೋಗಶಾಲೆ ಕೊಟ್ಟರು. ಗೋಡೆಯುದ್ದಕ್ಕೂ ಗಾಜಿನ ಭರಣಿಗಳು, ಅವುಗಳಲ್ಲಿ ಹಾವು, ಚೇಳು, ಏಡಿ. ಬೆನ್ನಿಗೆ ಆಸರೆಯಿಲ್ಲದ ಎತ್ತರದ ಸ್ಟೂಲುಗಳು.

ಮೊದಲ ಶನಿವಾರ ಬಂದವರನ್ನು ಒಂದೇ ನೋಟದಲ್ಲಿ ಎಣಿಸಬಹುದಿತ್ತು. ನನ್ನ ವಿಭಾಗದ ಇಬ್ಬರು, ಬಸ್ಸಿಗೆ ಹೊತ್ತಿದೆ ಎಂದು ಒಳಗೆ ಬಂದ ಮೂವರು ಹುಡುಗಿಯರು, ಹಲಗೇರಿಯಿಂದ ಬಂದ ಒಬ್ಬ ನಿವೃತ್ತ ಕನ್ನಡ ಮೇಷ್ಟರು. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ನೋಟಿಸ್ ಬೋರ್ಡಿನಲ್ಲಿ ಸಾಹಿತ್ಯ ಎಂಬ ಮಾತು ಕಂಡಿತು, ಬಂದೆ ಎಂದರು.

ನಾನು ಚೆನ್ನಾಗಿ ತಯಾರಾಗಿ ಹೋಗಿದ್ದೆ. ತಯಾರಿಯೇ ಕೆಡಿಸಿತು. ಮಧ್ಯಯುಗ, ಪುನರುಜ್ಜೀವನ, ಸುವರ್ಣಯುಗ, ನವ ಶಾಸ್ತ್ರೀಯತೆ, ರಮ್ಯತೆ, ವಾಸ್ತವವಾದ ಎಂದು ಕಪ್ಪು ಹಲಗೆಯ ಮೇಲೆ ಬರೆದು ಒಂದೊಂದರ ಕೆಳಗೂ ಲಕ್ಷಣಗಳನ್ನು ಓದಿದೆ. ಹುಡುಗಿಯರು ಏಡಿಯ ಭರಣಿ ನೋಡುತ್ತಿದ್ದರು. ನನ್ನ ಸಹೋದ್ಯೋಗಿಯೊಬ್ಬರು ಸ್ಟೂಲಿನ ಮೇಲೆಯೇ ತೂಕಡಿಸಿ ಬೀಳುವುದರಲ್ಲಿದ್ದರು. ಮುಗಿಸಿ ಇಳಿದಾಗ ಹಲಗೇರಿಯ ಮೇಷ್ಟರು ಹತ್ತಿರ ಬಂದರು.

"ಬಾಯಾರ, ಭಾಳ ಓದೀರಿ ನೀವು. ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮನಿ ತೋರಸ್ತೀನಂತ ಕರಕೊಂಡು ಬಂದು ಕದದ ಮ್ಯಾಲಿನ ಬೋರ್ಡ್ ಓದಿ ಕಳಿಸಿದಂಗಾತು. ಒಳಗ ಯಾರದಾರ, ಏನ ಹಾಡ್ತಾರ, ಅದನ್ನ ಹೇಳ್ರಿ. ಮುಂದಿನ ವಾರ ಮತ್ತ ಬರ್ತೀನಿ."

ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಮುಂದಿನ ವಾರವೂ ಬರುತ್ತೇನೆ ಎಂದರಲ್ಲ, ಆ ಮಾತು ನನ್ನನ್ನು ಉಳಿಸಿತು.

ಮರುದಿನ ಭಾನುವಾರ. ಅಮ್ಮಾ ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುತ್ತಿದ್ದಳು. ಸುಗ್ಗಿಯಲ್ಲಿ ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಅದೇ ಕೆಲಸ. ನಾನೂ ಪಕ್ಕದಲ್ಲಿ ಕುಳಿತು, ಸೀನುತ್ತ, ಸುಮ್ಮನೆ ಅವಳಿಗೆ ಹೇಳತೊಡಗಿದೆ. ಸ್ಪೇನಿನಲ್ಲಿ ಒಂದು ಕಾಲಕ್ಕೆ ಮುಸಲ್ಮಾನ ಅರಸರಿದ್ದರು. ಅವರ ಆಸ್ಥಾನದ ಕವಿಗಳು ಅರಬ್ಬಿಯಲ್ಲಿ ದೊಡ್ಡ ದೊಡ್ಡ ಹಾಡು ಕಟ್ಟುತ್ತಿದ್ದರು. ಕೆಲವು ಹಾಡುಗಳಿಗೆ ಕೊನೆಯಲ್ಲೊಂದು ಬಾಲ ಇರುತ್ತಿತ್ತು. ಆ ಕೊನೆಯ ಸಾಲುಗಳು ಅರಬ್ಬಿ ಅಕ್ಷರದಲ್ಲೇ ಇದ್ದರೂ ಭಾಷೆ ಬೇರೆ, ಬೀದಿಯ ಜನ ಆಡುವ ಸ್ಪೇನಿನ ಮಾತು. ಬಹಳ ಸಲ ಅಲ್ಲಿ ಮಾತಾಡುವವಳು ಒಬ್ಬ ಹುಡುಗಿ. ತಾಯಿಯ ಮುಂದೆಯೋ ಗೆಳತಿಯರ ಮುಂದೆಯೋ ತನ್ನವನ ಮೇಲೆ ದೂರು ಹೇಳುತ್ತಾಳೆ. ಶತಮಾನಗಟ್ಟಲೆ ಆ ಸಾಲುಗಳು ಯಾರಿಗೂ ಓದಲು ಬರದೆ ಬಿದ್ದಿದ್ದವು. ನಮ್ಮ ಶತಮಾನದ ನಡುವಿನಲ್ಲಿ ಪಂಡಿತರಿಗೆ ಗುರುತು ಸಿಕ್ಕಿದಾಗ, ಆ ಭಾಷೆಯ ಅತ್ಯಂತ ಹಳೆಯ ಭಾವಗೀತೆ ಇವೇ ಎಂದು ತಿಳಿಯಿತು.

ಅಮ್ಮಾ ಕೈ ನಿಲ್ಲಿಸಿ ನಗತೊಡಗಿದಳು. "ಇದರಾಗ ಏನ್ ವಿಶೇಷ? ನಮ್ಮ ಶಾದಿ ಹಾಡು ಹಂಗ ಅಲ್ಲೇನು?"

ಹಾಡಿಯೇ ತೋರಿಸಿದಳು. ಮದುವೆಯಲ್ಲಿ ಹುಡುಗಿಯ ಕಡೆಯವರು ವರನನ್ನು ಕಾಡಿಸಲು ಹಾಡುವ ಹಾಡು ಅದು.

"ದುಲ್ಹಾ ಆಯಾ ಘೋಡೆ ಪೋ, ಟೋಪಿ ಉಸ್ಕಿ ಟೇಢೀ,
ಸಾಲಿಯಾ ದೇಖೀ ಹಸ್ ಪಡೀ, ದರ್ವಾಜೇ ಪೋ ಖಡೀ,
ಅಯ್ಯ ನಮ್ಮವ್ವ, ಇವನ ಮೀಸಿ ಕಸಬರಿಗಿ ಕಂಡಂಗೈತಿ!"

ಕುದುರೆಯ ಮೇಲೆ ಸೊಟ್ಟ ಟೋಪಿಯ ವರ ಬಂದ, ಬಾಗಿಲಲ್ಲಿ ನಿಂತ ನಾದಿನಿಯರು ನಕ್ಕರು ಎಂದು ಎರಡು ಸಾಲು ಉರ್ದುವಿನಲ್ಲಿ. ಮೂರನೆಯದು ಅಪ್ಪಟ ನಮ್ಮ ಕಡೆಯ ಕನ್ನಡ. ಚಿಕ್ಕಂದಿನಿಂದ ಎಷ್ಟೋ ಮದುವೆಗಳಲ್ಲಿ ನಾನೂ ಚಪ್ಪಾಳೆ ತಟ್ಟಿ ಹಾಡಿದ್ದೆ. ಅದರಲ್ಲಿ ಎರಡು ಭಾಷೆಗಳಿವೆ ಎಂಬುದು ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ.

"ಕಡೀ ಸಾಲು ಕನ್ನಡದಾಗ ಯಾಕಮ್ಮಾ?"

"ಮದುವಿಗೆ ಓಣಿ ಮಂದಿ ಎಲ್ಲಾ ಬಂದಿರತಾರಲ್ಲ. ಗೌಡರ ಮನಿಯಾಕಿ, ಬಡಿಗೇರ ಮನಿಯಾಕಿ. ಅವರೂ ನಗಬೇಕಲ್ಲ?"

ನಾನು ಮೆಣಸಿನಕಾಯಿಯ ಕೈಯಲ್ಲೇ ಕಣ್ಣೊರೆಸಿಕೊಂಡುಬಿಟ್ಟೆ. ಆಮೇಲೆ ಬಹಳ ಹೊತ್ತು ತಣ್ಣೀರು ಹಾಕಿಕೊಳ್ಳಬೇಕಾಯಿತು.

ಎರಡನೆಯ ಶನಿವಾರ ಕಪ್ಪು ಹಲಗೆಯ ಕಡೆ ತಿರುಗಲೇ ಇಲ್ಲ. ಆಸ್ಥಾನದ ಹಾಡು ಹೇಳಿ, ಅದರ ಬಾಲ ಹೇಳಿ, ಆಮೇಲೆ ಅಮ್ಮಾನ ಹಾಡನ್ನು ಹಾಡಿಯೇಬಿಟ್ಟೆ. ಮೀಸೆಯ ಸಾಲಿಗೆ ಹುಡುಗಿಯರು ಕೂಗಿ ನಕ್ಕರು. ಹಲಗೇರಿಯ ಮೇಷ್ಟರು ಕೊಡೆಯಿಂದ ನೆಲ ಕುಟ್ಟಿದರು. ಗದ್ದಲ ಕೇಳಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದು ನಿಂತರು. ಗದರಿಸುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ನಾನು ಇನ್ನೊಂದು ವಿಷಯಕ್ಕೆ ಬಂದಿದ್ದೆ. ನಮ್ಮ ನಾಡಿನ ಹಳೆಯ ಪ್ರಾಣಿಕಥೆಗಳು, ನರಿ, ಸಿಂಹ, ಎತ್ತುಗಳ ಕಥೆಗಳು, ಮೊದಲು ಪಾರಸಿಗೆ, ಅಲ್ಲಿಂದ ಅರಬ್ಬಿಗೆ ದಾಟಿ, ಕೊನೆಗೆ ಸ್ಪೇನಿನ ಭಾಷೆಗೆ ಬಂದವು. ಆ ಭಾಷೆ ಗದ್ಯದಲ್ಲಿ ಕಥೆ ಹೇಳಲು ಕಲಿತ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು.

ಪ್ರಿನ್ಸಿಪಾಲರು ಬಾಗಿಲಿನಿಂದಲೇ ಕೇಳಿದರು: "ಅಂದ್ರ, ನಮ್ಮ ನರಿ ಸ್ಪೇನ್ ತನಕ ಹೋಗಿತ್ತೇನ್ರಿ?"

"ಹೌದು ಸರ್. ನಡಕೋತ ಹೋಗಿತ್ತು."

ಒಳಗೆ ಬಂದು ಹಾವಿನ ಭರಣಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಮುಗಿಯುವವರೆಗೂ ಏಳಲಿಲ್ಲ.

ಅಲ್ಲಿಂದ ಶನಿವಾರಗಳಿಗೆ ಕಾಲು ಬಂದವು. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಕೆಲವರು ಪಾಳಿ ಬಿಟ್ಟ ಮೇಲೆ ಬರತೊಡಗಿದರು. ಹುಡುಗಿಯರು ಬಸ್ಸು ತಪ್ಪಿಸಿಕೊಂಡು ಕೂರುತ್ತಿದ್ದರು. ಸ್ಟೂಲು ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಜನ. ಒಂದು ವಾರ, ಅರಸನಿಂದ ಗಡೀಪಾರಾದ ವೀರನೊಬ್ಬನ ಲಾವಣಿಯನ್ನು ಬೀದಿ ಹಾಡುಗಾರರು ಊರೂರಿಗೆ ಒಯ್ದದ್ದು. ಇನ್ನೊಂದು ವಾರ, ನಾಡಿನಿಂದ ಹೊರಗಟ್ಟಿಸಿಕೊಂಡ ಯಹೂದಿ ಮನೆತನಗಳ ಹೆಂಗಸರು ತುರ್ಕಿಯಲ್ಲಿ, ಮೊರಾಕ್ಕೊದಲ್ಲಿ ಕುಳಿತು ಅವೇ ಸ್ಪೇನ್ ಹಾಡುಗಳನ್ನು ತಲೆಮಾರುಗಟ್ಟಲೆ ಮಕ್ಕಳಿಗೆ ಜೋಗುಳವಾಗಿ ಹಾಡಿದ್ದು.

ಮಠದ ಗೋಡೆಯೊಳಗೆ ಕುಳಿತು ದೇವರನ್ನು ಗಂಡನೆಂದು ಕರೆದು ಬರೆದ ಸನ್ಯಾಸಿನಿಯರ ಮಾತು ಬಂದಾಗ ಮಾತ್ರ ನನಗೆ ವಿವರಿಸುವ ಕೆಲಸವೇ ಉಳಿಯಲಿಲ್ಲ. ಹಲಗೇರಿಯ ಮೇಷ್ಟರು ಎದ್ದು ನಿಂತರು.

"ಇದನ್ನ ನಮಗ ತಿಳಿಸಿ ಹೇಳೂದು ಬ್ಯಾಡ್ರಿ ಬಾಯಾರ. ಇದು ನಮ್ಮ ಮನಿ ಮಾತು. ಮುಂದ ನಡೀರಿ."

ಎಲ್ಲರೂ ನಕ್ಕರು. ನಾನು ನಿಜವಾಗಿಯೂ ಮುಂದೆ ನಡೆದೆ. ಮೋಸ ಮಾಡಿ ಹೊಟ್ಟೆ ಹೊರೆಯುವ ಪುಂಡರು ತಮ್ಮ ಕಥೆ ತಾವೇ ಹೇಳಿಕೊಳ್ಳುವ ಪುಸ್ತಕಗಳು, ಅವುಗಳಿಂದ ಕಾದಂಬರಿ ಎಂಬ ಹೊಸ ಜಾತಿಯೇ ಹುಟ್ಟಿಕೊಂಡದ್ದು.

ಸುದ್ದಿ ಹಾವೇರಿಗೂ ಹೋಯಿತು. ಅಲ್ಲಿನ ವಕೀಲರ ಒಂದು ಗುಂಪು ಕರೆಯಿತು. ಅವರ ಮುಂದೆ ನಾನು ಸುವರ್ಣಯುಗದ ನಾಟಕಗಳ ಬಗ್ಗೆ ಮಾತಾಡಿದೆ. ಮನೆಗಳ ನಡುವಿನ ತೆರೆದ ಅಂಗಳದಲ್ಲಿ ಆಟ ನಡೆಯುತ್ತಿತ್ತು. ಗಂಡಸರು ಅಂಗಳದಲ್ಲಿ ನಿಂತು ನೋಡುತ್ತಿದ್ದರು, ಹೆಂಗಸರಿಗೆ ಬೇರೆ ಅಟ್ಟಣಿಗೆ. ತನ್ನ ಮನೆಯ ಮಾನ ಕಳೆದ ದೊಡ್ಡ ಮನುಷ್ಯನ ಮೇಲೆ ರೈತನೊಬ್ಬ ಕೈ ಎತ್ತುತ್ತಾನೆ, ಕೊನೆಗೆ ಅರಸ ಬಂದು ರೈತನನ್ನು ಕ್ಷಮಿಸುತ್ತಾನೆ. ಅಂಥ ಆಟ ಜನಕ್ಕೆ ಬಹಳ ಸೇರುತ್ತಿತ್ತು ಎಂದೆ. ಆಗಿಹೋಯಿತು. ಒಬ್ಬ ವಕೀಲರು ರೈತನ ಪರ ನಿಂತರು, ಇನ್ನೊಬ್ಬರು ಕಾನೂನಿನ ಪರ. "ಅರಸಗ ಕ್ಷಮಾ ಮಾಡೋ ಅಧಿಕಾರ ಐತ್ರಿ, ಆದ್ರ ಮೊದ್ಲ ವಿಚಾರಣೆ ಆಗಬೇಕಲ್ಲ?" ಎಂದು ಕೂಗಿದರು. ನಾನು ಗೋಡೆಗೆ ಒರಗಿ ಚಹಾ ಕುಡಿಯುತ್ತ ನೋಡಿದೆ. ಎಷ್ಟೋ ಶತಮಾನ ಹಿಂದಿನ ನಾಟಕವೊಂದು ಹಾವೇರಿಯಲ್ಲಿ ಜಗಳ ಹಚ್ಚಿತ್ತು. ಅದನ್ನು ಅಷ್ಟು ದೂರದಿಂದ ಹೊತ್ತು ತಂದವಳು ನಾನು ಎಂದು ಎದೆ ಉಬ್ಬಿತು.

ಕೊನೆಯ ಮಾತುಕತೆ ನಮ್ಮೂರಿನಲ್ಲೇ ಆಗಬೇಕೆಂದು ಹಟ ಹಿಡಿದದ್ದು ಅಮ್ಮಾ. "ಊರೂರ ಮಂದಿಗೆಲ್ಲಾ ಹೇಳಿದಿ, ನಮ್ಮೂರಿಗೆ ಯಾಕಿಲ್ಲ?" ಎಂದಳು. ಬ್ಯಾಡಗಿಯ ವ್ಯಾಪಾರಿಯೊಬ್ಬರು ಮಾರುಕಟ್ಟೆ ಇಲ್ಲದ ದಿನ ತಮ್ಮ ಗೋದಾಮಿನ ಮುಂದಿನ ಹಾಲ್ ಬಿಟ್ಟುಕೊಟ್ಟರು. ಜಮಖಾನೆ ಹಾಸಿದ್ದರು. ಒಳಗಿನ ಚೀಲಗಳ ಘಾಟಿಗೆ ಬಂದವರೆಲ್ಲ ಮೊದಲು ಕೆಮ್ಮುವುದು, ಆಮೇಲೆ ನಮಸ್ಕಾರ. ಹಲಗೇರಿಯ ಮೇಷ್ಟರು, ಪ್ರಿನ್ಸಿಪಾಲರು ರೈಲಿನಲ್ಲಿ ಬಂದರು. ನಮ್ಮ ಓಣಿಯ ಹೆಂಗಸರು ಗುಂಪಾಗಿ ಬಂದು ಒಂದು ಬದಿಗೆ ಕುಳಿತರು. ಬುರ್ಖಾದವರು, ಸೆರಗು ಹೊದ್ದವರು, ಎಲ್ಲ ಒತ್ತೊತ್ತಾಗಿ. ಅಬ್ಬಾ ಹಿಂದೆ ಕಂಬದ ಹತ್ತಿರ ನಿಂತಿದ್ದರು. ಪ್ರಿನ್ಸಿಪಾಲರು ತಾವೇ ಎದ್ದು ಹೋಗಿ ಕೈ ಹಿಡಿದು ಕರೆತಂದು ಮುಂದೆ ಕೂರಿಸಿದರು.

ಆ ದಿನ ಹತ್ತೊಂಬತ್ತನೆಯ ಶತಮಾನದ ಕೊನೆಯ ಕಥೆ. ಅರ್ಧ ಜಗತ್ತನ್ನು ಆಳಿದ ಸ್ಪೇನ್ ಉಳಿದಿದ್ದ ವಸಾಹತುಗಳನ್ನೂ ಕಳೆದುಕೊಂಡು ಮಂಕಾಗಿ ಕುಳಿತಿತ್ತು. ಅಲ್ಲಿನ ಲೇಖಕರು ನಾವು ಯಾರು, ನಮ್ಮ ನಾಡು ಯಾಕೆ ಹೀಗಾಯಿತು ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಅವರ ಕಾವ್ಯಕ್ಕೆ ಹೊಸ ಉಸಿರು ಬಂತು. ಎಲ್ಲಿಂದ? ರಾಜಧಾನಿಯಿಂದ ಅಲ್ಲ. ಸಮುದ್ರದಾಚೆ, ಹಿಂದೆ ಸ್ಪೇನೇ ಆಳಿದ್ದ ನಾಡುಗಳಿಂದ. ಮಧ್ಯ ಅಮೆರಿಕದ ಒಂದು ಚಿಕ್ಕ ದೇಶದ ಸಣ್ಣ ಊರಿನಲ್ಲಿ ಹುಟ್ಟಿದ ಕವಿಯೊಬ್ಬ ಸ್ಪ್ಯಾನಿಷಿಗೆ ಹೊಸ ನಡಿಗೆ, ಹೊಸ ಲಯ, ಹೊಸ ಬಣ್ಣ ಕಲಿಸಿದ. ಕಲಿಸಿದವರ ಮನೆಗೇ ಹೋಗಿ ಅವರ ಭಾಷೆಯನ್ನು ಅವರಿಗೇ ಹೊಸದಾಗಿ ಕೊಟ್ಟ. ಮಾಡರ್ನಿಸ್ಮೊ ಎಂದು ಅದಕ್ಕೆ ಹೆಸರಾಯಿತು.

ಇಷ್ಟು ಹೇಳಿ ಕೈಯಲ್ಲಿದ್ದ ಹಾಳೆ ಮಡಚಿದೆ. ಮುಂದೆ ಹೇಳಲು ಬರೆದುಕೊಂಡಿದ್ದ ಮಾತುಗಳು ಬೇಡವೆನಿಸಿದವು. ಎದುರಿಗೆ ಕುಳಿತವರನ್ನು ನೋಡಿ ಹೇಳಿದೆ:

"ದೊಡ್ಡ ಊರಿನವರಷ್ಟೇ ಸಾಹಿತ್ಯ ಮಾಡತಾರಂತ ಅನಕೊಂಡಿದ್ವಿ. ಹಂಗಲ್ಲ ಅದು. ಆ ಭಾಷಾದ ಮೊದಲನೇ ಹಾಡು ಹೆಣ್ಣುಮಕ್ಕಳ ಬಾಯಾಗ ಇತ್ತು. ಹೊಸಾ ಹಾಡು ಸಣ್ಣ ಊರಿನಿಂದ ಬಂತು. ನಡುವ ನಮ್ಮ ದೇಶದ ಕಥಿನೂ ಒಂದಿಷ್ಟು ಅದರಾಗ ಐತಿ."

ಚಪ್ಪಾಳೆ ಬಿತ್ತು. ಹೆಂಗಸರ ಕಡೆಯಿಂದ ಯಾರೋ, "ಅಕ್ಕಾ, ಮೊದಲನೇ ಹಾಡು ಹೆಂಗಿತ್ತು, ಅದನ್ನ ಹೇಳ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮಾ ಮೀಸೆಯ ಹಾಡು ಎತ್ತಿಕೊಂಡಳು. ಕನ್ನಡದ ಸಾಲು ಬಂದಾಗ ಇಡೀ ಹಾಲ್ ಹಾಡಿತು. ನಮ್ಮ ಪ್ರಿನ್ಸಿಪಾಲರಿಗೆ ದಪ್ಪ ಮೀಸೆ. ಅವರು ಮೀಸೆಯ ಮೇಲೆ ಕೈ ಅಡ್ಡ ಹಿಡಿದು ನಕ್ಕರು. ನಂತರದ ವರ್ಷ ಸಭಾಂಗಣದ ಬೀಗದ ಕೈಯನ್ನು ಅವರೇ ನನ್ನ ಮೇಜಿನ ಮೇಲೆ ತಂದಿಟ್ಟರು. "ಈ ಸಲ ಯಾವ ದೇಶಾರಿ?" ಎಂದು ಕೇಳಿದರು.

ಇದಾಗಿ ಕೆಲವು ವರ್ಷಗಳ ಮೇಲೆ, ಹಾವೇರಿ ಜಿಲ್ಲೆಯಾದ ಹೊಸದರಲ್ಲಿ, ಒಂದು ಬೆಳಿಗ್ಗೆ ಹಾಲ್ ಕೊಟ್ಟಿದ್ದ ಅದೇ ವ್ಯಾಪಾರಿ ನಮ್ಮ ಮನೆಗೆ ಓಡಿ ಬಂದರು. ಕೊಳ್ಳುವ ಮೊದಲು ನಮ್ಮ ಮೆಣಸಿನಕಾಯಿಯ ಬಣ್ಣ ನೋಡಲು ಸ್ಪೇನಿನಿಂದಲೇ ಒಬ್ಬರು ಬಂದಿದ್ದಾರೆ, ಅವರ ಇಂಗ್ಲಿಷ್ ಇವರಿಗೆ ತಿಳಿಯುತ್ತಿಲ್ಲ, ಇವರದು ಅವರಿಗೆ ತಿಳಿಯುತ್ತಿಲ್ಲ. "ಲಗೂ ಬರ್ರಿ ಮೇಡಂ, ನಿಮ್ಮ ಮಂದಿ ಬಂದಾರ!" ಎಂದರು.

ಹೈದರಾಬಾದಿನ ಮೇಷ್ಟರನ್ನು ಬಿಟ್ಟರೆ ಆ ಭಾಷೆಯಲ್ಲಿ ನಾನು ಒಬ್ಬ ಜೀವಂತ ಮನುಷ್ಯನೊಡನೆಯೂ ಮಾತಾಡಿರಲಿಲ್ಲ. ಗೋದಾಮಿಗೆ ಹೋದೆ. ಕೆಂಪು ರಾಶಿಗಳ ನಡುವೆ ನಿಂತು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಿದ್ದ ವಯಸ್ಸಾದ ಮನುಷ್ಯ. ನಾನು ಅವರಿಗೆ ಸ್ಪ್ಯಾನಿಷಿನಲ್ಲಿ ಸ್ವಾಗತ ಹೇಳಿದೆ, ಪ್ರಯಾಣ ಸುಖವಾಗಿತ್ತೇ ಎಂದು ಕೇಳಿದೆ. ಕರವಸ್ತ್ರ ಕೆಳಗಿಳಿಯಿತು. ಕಣ್ಣರಳಿಸಿ ನನ್ನನ್ನು ನೋಡಿ, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ನನ್ನ ಮುಖ ಕೆಂಪಾಯಿತು. ಅವರು ಬೇಗನೆ ಕೈ ಜೋಡಿಸಿ, ತಪ್ಪು ತಿಳಿಯಬೇಡಿ, ನೀವು ನಮ್ಮ ಹಳೆಯ ನಾಟಕದ ರಾಣಿಯ ಹಾಗೆ ಮಾತಾಡುತ್ತೀರಿ, ಇಂಥ ಮಾತು ಶಾಲೆಯಲ್ಲಿ ಓದಿದ ಮೇಲೆ ಕಿವಿಗೆ ಬಿದ್ದೇ ಇರಲಿಲ್ಲ ಎಂದರು.

ಆ ಇಡೀ ದಿನ ನಾನು ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸಿದೆ. ಗೊತ್ತಿಲ್ಲದ ವ್ಯಾಪಾರದ ಶಬ್ದಗಳನ್ನು ಅವರೇ ಹೇಳಿಕೊಟ್ಟರು. ಮೆಣಸಿನಕಾಯಿ ಮೊದಲು ಅಮೆರಿಕದಿಂದ ಬಂದದ್ದು, ಅದನ್ನು ಕಂಡ ಸ್ಪೇನಿನವರು ತಮ್ಮ ವೃತ್ತಾಂತಗಳಲ್ಲಿ ಬೆರಗಿನಿಂದ ಬರೆದದ್ದು, ಎಲ್ಲ ಮಾತಿಗೆ ಬಂತು. ಊಟದ ಹೊತ್ತಿಗೆ ಅವರಿಗೆ ಬಾಲ್ಯದಲ್ಲಿ ಕಂಠಪಾಠ ಮಾಡಿದ ಕವನ ನೆನಪಾಯಿತು. ನಡುವೆ ಮರೆತು ತಡವರಿಸಿದಾಗ ಮುಂದಿನ ಸಾಲು ನಾನು ಹೇಳಿದೆ. ವ್ಯಾಪಾರಿಗಳು ಸುತ್ತ ನಿಂತು, ಏನೆಂದು ತಿಳಿಯದಿದ್ದರೂ, ತಲೆದೂಗಿದರು.

ಅಬ್ಬಾ ಅಂಗಡಿ ಮುಚ್ಚಿ ಬಂದಿದ್ದರು. ಮೊದಲು ದೂರ ನಿಂತು ನೋಡಿದರು, ಆಮೇಲೆ ನನ್ನ ಪಕ್ಕಕ್ಕೇ ಬಂದರು. ಇವರು ನನ್ನ ತಂದೆ, ಬಟ್ಟೆ ಹೊಲಿಯುತ್ತಾರೆ ಎಂದು ಪರಿಚಯಿಸಿದೆ. ಅತಿಥಿ ಅವರ ಕೈ ಗಟ್ಟಿಯಾಗಿ ಹಿಡಿದು, "ಸಾಸ್ತ್ರೆ! ಸಾಸ್ತ್ರೆ!" ಎಂದರು. ಅವರ ಅಜ್ಜನೂ ಅದೇ ಕಸುಬಿನವರಂತೆ.

"ಏನಂದ್ರು ಇವರು?" ಅಬ್ಬಾ ಕೇಳಿದರು.

"ಟೇಲರ್‌ಗೆ ಅವರ ಭಾಷಾದಾಗ ಸಾಸ್ತ್ರೆ ಅಂತಾರ ಅಬ್ಬಾ."

ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ಅಬ್ಬಾ ಟೇಪನ್ನು ಕೊರಳಿಗೆ ಹಾಕಿಕೊಂಡು ಹೇಳುತ್ತಿದ್ದರು: "ನೀವು ನನಗ ದರ್ಜಿ ಅಂತೀರಿ. ಸ್ಪೇನ್‌ನಾಗ ನನಗ ಶಾಸ್ತ್ರಿ ಅಂತಾರ. ಬೇಕಾದ್ರ ನನ್ನ ಮಗಳನ್ನ ಕೇಳ್ರಿ."